ಮಳೆ ಎಲ್ಲಿಂದ ಬರುತ್ತೆ ಅಂತ ಕೇಳಿದ ಪಾದ್ರಿ

ಕೆಲವು ವರ್ಷಗಳ ಹಿಂದೆ ಕೆಲಸದ ಮೇಲೆ ಕೋಲ್ಕತ್ತಾಗೆ ಹೋಗಿದ್ದೆ. ಒಂದು ಮಧ್ಯಾಹ್ನ ಬಿಡುವು ಸಿಕ್ಕಿತು. ವಿವೇಕಾನಂದರು ಓದಿದ ಕಾಲೇಜು ನೋಡೋಣ ಅಂತ ಹೇದುವಾ ಕೊಳದ ಕಡೆ ನಡೆದೆ. ಅರ್ಧ ದಾರಿಯಲ್ಲಿ ಮಳೆ ಹಿಡಿಯಿತು. ಸ್ಕಾಟಿಷ್ ಚರ್ಚ್ ಕಾಲೇಜಿನ ಹತ್ತಿರ ಒಂದು ಚಹಾ ಅಂಗಡಿಯ ಟಾರ್ಪಾಲಿನ ಕೆಳಗೆ ನಿಂತೆ. ಪಕ್ಕದಲ್ಲಿ ಒಬ್ಬ ವಿದ್ಯಾರ್ಥಿಯೂ ನಿಂತಿದ್ದ. ಸುಮ್ನೆ ಮಾತಿಗೆ ಸಿಕ್ಕಿದ. "ನಮ್ಮದು 1830ರ ಕಾಲೇಜು, ಡಫ್ ಸಾಹೇಬರು ಶುರು ಮಾಡಿದ್ದು" ಅಂದ. ಯಾರು ಡಫ್ ಅಂತ ಕೇಳಿದರೆ ಅವನಿಗೂ ಅದಕ್ಕಿಂತ ಜಾಸ್ತಿ ಗೊತ್ತಿರಲಿಲ್ಲ.

ಊರಿಗೆ ಬಂದ ಮೇಲೆ ಆ ಹೆಸರು ಹಿಡಿದು ಓದುತ್ತಾ ಹೋದೆ. ಅಲೆಕ್ಸಾಂಡರ್ ಡಫ್, ಸ್ಕಾಟ್ಲೆಂಡಿನ ಪ್ರೆಸ್ಬಿಟೀರಿಯನ್ ಪಾದ್ರಿ. ಭಾರತಕ್ಕೆ ಚರ್ಚ್ ಆಫ್ ಸ್ಕಾಟ್ಲೆಂಡ್ ಕಳಿಸಿದ ಮೊದಲ ಮಿಷನರಿ. ನಮ್ಮ ಇಂಗ್ಲಿಷ್ ಶಾಲೆಗಳ ವಿಷಯ ಬಂದರೆ ನಾವೆಲ್ಲ ಮೆಕಾಲೆಯನ್ನು ಬೈಯುತ್ತೇವೆ. ಮೆಕಾಲೆ ಬರೆದದ್ದು 1835ರಲ್ಲಿ ಒಂದು ಟಿಪ್ಪಣಿ. ಅದಕ್ಕೂ ಐದು ವರ್ಷ ಮೊದಲೇ ಈ ಡಫ್ ಬೆಂಚು ಹಾಕಿಸಿ ಪಾಠ ಶುರು ಮಾಡಿಬಿಟ್ಟಿದ್ದ. (ಏಕವಚನದಲ್ಲಿ ಬರೀತಿದ್ದೀನಿ. ಸಿಟ್ಟಿಗಲ್ಲ. ಕಲ್ಕತ್ತಾಗೆ ಬಂದಾಗ ಅವನಿಗೆ 24 ವರ್ಷ, ಆ ಸಲಿಗೆ.)

ಹುಟ್ಟಿದ್ದು 1806ರಲ್ಲಿ, ಪರ್ತ್‌ಶೈರಿನ ಮೌಲಿನ್ ಅನ್ನೋ ಊರಿನ ಹತ್ತಿರ. ಗುಡ್ಡಗಾಡು, ಬೇಸಾಯದ ಮನೆ, ಸುತ್ತಲೂ ಗೇಲಿಕ್ ಮಾತು. ಚಿಕ್ಕವನಿದ್ದಾಗ ಅಪ್ಪ ಹೇಳಿಕೊಟ್ಟ ಗೇಲಿಕ್ ಪದ್ಯಗಳಲ್ಲಿ ಕಡೆಯ ತೀರ್ಪಿನ ದಿನದ ವರ್ಣನೆ ಕೇಳಿ ಅವನಿಗೆ ರಾತ್ರಿ ಕನಸು ಬೀಳುತ್ತಿತ್ತಂತೆ. ಮನೆಯ ಮಾತು ಒಂದು, ಮೇಲೆ ಬರಬೇಕಾದರೆ ಕಲಿಯಬೇಕಾದ ಮಾತು ಇನ್ನೊಂದು. ಇದು ನಮಗೆ ಗೊತ್ತಿಲ್ಲದ ಕಥೆಯೇನಲ್ಲ. ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಚಾಮರ್ಸ್ ಅನ್ನೋ ದೊಡ್ಡ ಮೇಷ್ಟ್ರ ಕೈಕೆಳಗೆ ಓದಿದ. 1829ರಲ್ಲಿ ಪಾದ್ರಿ ದೀಕ್ಷೆ, ಅದೇ ವರ್ಷ ಆನ್ ಡ್ರಿಸ್‌ಡೇಲ್ ಜೊತೆ ಮದುವೆ, ಅದೇ ವರ್ಷ ಹಡಗು.

ಹಡಗಿನ ಕಥೆ ಹೇಳಲೇಬೇಕು. 'ಲೇಡಿ ಹಾಲೆಂಡ್' ಅಂತ ಅದರ ಹೆಸರು. ಆಫ್ರಿಕಾದ ತುದಿಯ ಹತ್ತಿರ, 1830ರ ಫೆಬ್ರವರಿಯ ಒಂದು ರಾತ್ರಿ, ಡಾಸೆನ್ ದ್ವೀಪದ ಬಂಡೆಗೆ ಬಡಿಯಿತು. ಜನರೆಲ್ಲ ಉಳಿದರು. ದ್ವೀಪದಲ್ಲಿ ಪೆಂಗ್ವಿನ್ ಮೊಟ್ಟೆ ಬೇಯಿಸಿ ತಿಂದು ಹೊಟ್ಟೆ ತುಂಬಿಸಿಕೊಂಡರು. ಆದರೆ ಡಫ್ ತನ್ನ ಜೊತೆ 800ಕ್ಕೂ ಹೆಚ್ಚು ಪುಸ್ತಕ ತುಂಬಿಕೊಂಡು ಹೊರಟಿದ್ದ. ಪಾಠ ಹೇಳಲು ಹೊರಟವನ ಬಂಡವಾಳವೇ ಅದು. ಹೆಚ್ಚುಕಡಿಮೆ ಎಲ್ಲವೂ ನೀರುಪಾಲಾಯಿತು. ತಿನ್ನಲು ಏನಾದರೂ ಸಿಗುತ್ತಾ ಅಂತ ದಡದಲ್ಲಿ ಹುಡುಕುತ್ತಿದ್ದ ನಾವಿಕನೊಬ್ಬನಿಗೆ ಚರ್ಮ ಸುತ್ತಿದ ಒಂದು ಗಂಟು ಸಿಕ್ಕಿತು. ಒಳಗೆ ಡಫ್‌ನ ಬೈಬಲ್ಲು, ಇನ್ನೊಂದು ಕೀರ್ತನೆಗಳ ಪುಸ್ತಕ. ಎಲ್ಲರೂ ಮರಳ ಮೇಲೆ ಮೊಣಕಾಲೂರಿದರು. ಡಫ್ 107ನೇ ಕೀರ್ತನೆ ಓದಿದ. ಸಮುದ್ರದ ಮೇಲೆ ಹೋದವರು, ಅಲೆಗೆ ಸಿಕ್ಕವರು, ಮೊರೆಯಿಟ್ಟವರು, ಹೀಗೆ ಬರುತ್ತದೆ ಅದರಲ್ಲಿ.

ಅಷ್ಟಕ್ಕೇ ಮುಗಿಯಲಿಲ್ಲ. ಬೇರೆ ಹಡಗು ಹತ್ತಿ ಮೇ ತಿಂಗಳಲ್ಲಿ ಹೂಗ್ಲಿ ನದಿಯ ಬಾಯಿಗೆ ಬಂದರೆ ಅಲ್ಲಿ ಚಂಡಮಾರುತ. ಅದೂ ಕೆಸರಿಗೆ ಸಿಕ್ಕಿಕೊಂಡಿತು. ಗಂಡ ಹೆಂಡತಿ ನೀರಿನಲ್ಲಿ ನಡೆದು ದಡ ಸೇರಿ, ಒಂದು ಹಳ್ಳಿಯ ಗುಡಿಯಲ್ಲಿ ರಾತ್ರಿ ಕಳೆದರು. ವಿಗ್ರಹಪೂಜೆಯನ್ನು ಬೇರುಸಹಿತ ಕೀಳಬೇಕು ಅಂತ ಬಂದವನಿಗೆ ಈ ದೇಶದಲ್ಲಿ ಸಿಕ್ಕ ಮೊದಲ ಸೂರು ಗುಡಿಯದು! ಇದನ್ನು ಓದಿದಾಗ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ನಕ್ಕೆ.

ಕಲ್ಕತ್ತಾ ಪೇಟೆಯ ಒಳಗೆ ಶಾಲೆ ಮಾಡಬೇಡ, ಹೊರಗೆ ಮಾಡು ಅಂತ ಸ್ಕಾಟ್ಲೆಂಡಿನ ಹಿರಿಯರು ಹೇಳಿ ಕಳಿಸಿದ್ದರು. ಡಫ್ ಬಂದ ಕೂಡಲೇ ಆ ಮಾತು ಬದಿಗಿಟ್ಟ. ಊರೆಲ್ಲ ಸುತ್ತಿದ. ಕಲ್ಕತ್ತಾ ಹತ್ತಿರದ ಶ್ರೀರಾಮಪುರಕ್ಕೆ ಹೋಗಿ ಮುದುಕ ಮಿಷನರಿ ವಿಲಿಯಂ ಕೇರಿಯನ್ನು ಕಂಡ. ಆ ಕೇರಿ ನಮಗೂ ಬೇಕಾದವನೇ. 1817ರಲ್ಲಿ ಕನ್ನಡದ ವ್ಯಾಕರಣವೊಂದನ್ನು ಅಚ್ಚು ಹಾಕಿಸಿದವನು. ಇಂಗ್ಲಿಷಿನಲ್ಲಿ ಉನ್ನತ ಪಾಠ ಹೇಳುತ್ತೇನೆ ಅಂತ ಡಫ್ ಅಂದಾಗ ಬೇರೆ ಮಿಷನರಿಗಳು ಮೂಗು ಮುರಿದರು. ಹತ್ತಾರು ದೇಶಭಾಷೆಗಳಿಗೆ ಜೀವ ತೇದ ಕೇರಿ ಮಾತ್ರ ಸರಿ ಅಂದ. ಯಾಕೆ ಅಂದನೋ ಅಂತ ನನಗೆ ಈಗಲೂ ಆಶ್ಚರ್ಯ.

ಇನ್ನೊಬ್ಬರು ಸರಿ ಅಂದವರು ರಾಮಮೋಹನ ರಾಯ್. ಚಿತ್‌ಪುರ ರಸ್ತೆಯಲ್ಲಿ ಫಿರಂಗಿ ಕಮಲ್ ಬೋಸ್ ಅನ್ನುವವರ ಮನೆಯ ಹಜಾರವನ್ನು ರಾಯ್ ಅವರ ಬ್ರಹ್ಮಸಭೆ (ಮುಂದೆ ಬ್ರಹ್ಮಸಮಾಜ ಅಂತ ಹೆಸರಾದದ್ದು) ಬಾಡಿಗೆಗೆ ಹಿಡಿದಿತ್ತು. ಸಭೆಗೆ ಸ್ವಂತ ಕಟ್ಟಡ ಆದ್ದರಿಂದ ಆ ಜಾಗ ಖಾಲಿಯಾಗಿತ್ತು. ರಾಯ್ ಅದನ್ನು ಡಫ್‌ಗೆ ಕೊಡಿಸಿದರು. ಚಾವಣಿಗೆ ತೂಗುಹಾಕಿದ್ದ ಪಂಖಾ ತೋರಿಸಿ, "ಇದು ನಾನು ನಿನಗೆ ಬಿಟ್ಟುಹೋಗುವ ಆಸ್ತಿ" ಅಂತ ನಕ್ಕರಂತೆ. ಮಕ್ಕಳನ್ನೂ ತಾವೇ ಹುಡುಕಿ ಕಳಿಸಿದರು. 1830ರ ಜುಲೈ 13ರಂದು ಶಾಲೆ ಶುರುವಾದಾಗ ಇದ್ದದ್ದು ಐದೇ ಹುಡುಗರು. ಕೆಲವೇ ದಿನಗಳಲ್ಲಿ 300ರ ಹತ್ತಿರ ಬಂದರು. ಬೀದಿಯಲ್ಲಿ ಡಫ್‌ನ ಪಲ್ಲಕ್ಕಿ ಹಿಡಿದು "ನಾನು ಒಳ್ಳೆ ಹುಡುಗ, ನನ್ನನ್ನೂ ಸೇರಿಸ್ಕೊಳ್ಳಿ" ಅಂತ ಹರಕುಮುರುಕು ಇಂಗ್ಲಿಷಿನಲ್ಲಿ ಗೋಗರೆಯುತ್ತಿದ್ದರು. ಎಲ್‌ಕೆಜಿ ಸೀಟಿಗೆ ಬೆಳಗಿನ ಜಾವ ಐದಕ್ಕೇ ಸಾಲಿನಲ್ಲಿ ನಿಂತ ನನಗೆ ಆ ಹುಡುಗರ ಮೇಲೆ ನಗು ಬರಲಿಲ್ಲ.

ಮೊದಲ ದಿನಗಳಲ್ಲೇ ಬೈಬಲ್ಲಿನ ಪ್ರತಿ ಕೈಗೆ ಕೊಟ್ಟಾಗ ಹುಡುಗರು ಗುಸುಗುಸು ಶುರು ಮಾಡಿದರು. ಇದು ಕ್ರೈಸ್ತರ ಶಾಸ್ತ್ರ, ನಾವು ಮುಟ್ಟಬಹುದಾ, ಓದಿದರೆ ಜಾತಿ ಕೆಟ್ಟರೆ? ಅಲ್ಲೇ ಇದ್ದ ರಾಯ್ ಎದ್ದು ನಿಂತರು. ಹೊರೇಸ್ ವಿಲ್ಸನ್ ಸಾಹೇಬರು ನಮ್ಮ ಶಾಸ್ತ್ರಗಳನ್ನೆಲ್ಲ ಓದಿದ್ದಾರೆ, ಹಿಂದೂ ಆದರಾ? ನಾನು ಕುರಾನನ್ನು ಮತ್ತೆ ಮತ್ತೆ ಓದಿದ್ದೇನೆ, ಮುಸಲ್ಮಾನ ಆದೆನಾ? ಓದಿ, ನೀವೇ ತೂಗಿ ನೋಡಿ ಅಂದರು. ಹುಡುಗರು ಸುಮ್ಮನಾದರು. ಆ ಹಜಾರದಲ್ಲಿ ಒಬ್ಬರ ಪಕ್ಕ ಒಬ್ಬರು ನಿಂತ ಇಬ್ಬರ ಮನಸ್ಸಿನಲ್ಲೂ ಬೇರೆ ಬೇರೆ ಲೆಕ್ಕ ಇತ್ತು. ಓದಿದರೆ ಏನೂ ಆಗಲ್ಲ ಅಂತ ರಾಯ್. ಓದಿದರೆ ಆಗಿಯೇ ಆಗುತ್ತೆ ಅಂತ ಡಫ್. ಅದೇ ವರ್ಷದ ಕೊನೆಗೆ ರಾಯ್ ಇಂಗ್ಲೆಂಡಿಗೆ ಹಡಗು ಹತ್ತಿದರು, 1833ರಲ್ಲಿ ಬ್ರಿಸ್ಟಲ್‌ನಲ್ಲಿ ತೀರಿಕೊಂಡರು. ಯಾರ ಲೆಕ್ಕ ಸರಿಹೋಯಿತು ಅಂತ ನೋಡಲು ಅವರು ಉಳಿಯಲಿಲ್ಲ.

ಈಗ ಡಫ್‌ನ ಪಾಠಕ್ಕೆ ಬರುತ್ತೇನೆ. ನನಗೆ ಅವನು ಹಿಡಿಸಿದ್ದು ಇಲ್ಲಿ.

ಆಗಿನ ಬಂಗಾಳದ ಪಾಠಶಾಲೆ ಅಂದರೆ ನಮ್ಮ ಕೂಲಿಮಠದ ಹಾಗೇ. ಗಟ್ಟಿಯಾಗಿ ಒದರು, ಬಾಯಿಪಾಠ ಮಾಡು, ತಪ್ಪಿದರೆ ಛಡಿಯೇಟು. ಅರ್ಥ ಆಮೇಲೆ ಯಾವಾಗಲೋ. ಡಫ್ ಇದನ್ನು ತಿರುಗಿಸಿ ಹಾಕಿದ. ಅಕ್ಷರ ಕಲಿಸುವಾಗಲೇ ಎರಡು ಅಕ್ಷರ ಜೋಡಿಸಿ 'ಆಕ್ಸ್' ಅನ್ನಿಸಿ, ಎತ್ತು ಅಂದರೆ ಏನು, ಏನು ತಿನ್ನುತ್ತೆ, ಅದರಿಂದ ಏನುಪಯೋಗ, ಅದರ ಚರ್ಮ ಏನಾಗುತ್ತೆ ಅಂತ ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತಿದ್ದ. ಮನೆಯಲ್ಲಿ ದಿನಾ ನೋಡುವ ಎತ್ತು ಪಾಠದೊಳಗೆ ಬಂದು ನಿಂತದ್ದು ಹುಡುಗರಿಗೆ ಹಬ್ಬ. ವಿದ್ಯೆಯಿಲ್ಲದ ಬಡಪಾಯಿಗಳ ಕೆಲಸ ಅಂತ ಬೇರೆ ಪಾದ್ರಿಗಳು ಅಂದುಕೊಂಡಿದ್ದ ಈ ಅಕ್ಷರಮಾಲೆಯ ಕೆಲಸವನ್ನು ಡಫ್ ದಿನವಿಡೀ ತಾನೇ ಮಾಡಿದ. ತರಗತಿಗೆ ಬೇಕಾದ ಪಾಠಪುಸ್ತಕಗಳನ್ನೂ ತಾನೇ ಬರೆದುಕೊಂಡ.

ಒಂದು ದಿನ ಪಾಠದಲ್ಲಿ ಮಳೆ ಅನ್ನುವ ಪದ ಬಂತು. ಮಳೆ ಅಂದರೇನು ಅಂತ ಕೇಳಿದ. ಆಕಾಶದಿಂದ ಬೀಳುವ ನೀರು ಅಂದರು. ಎಲ್ಲಿಂದ ಬರುತ್ತೆ? ಒಬ್ಬ ಹುಡುಗ, ಇಂದ್ರನ ಆನೆಯ ಸೊಂಡಿಲಿನಿಂದ ಅಂದ. ಯಾರು ಹೇಳಿದ್ದು? ನಮ್ಮ ಗುರುಗಳು. ಅವರಿಗೆ ಹೇಗೆ ಗೊತ್ತು? ಶಾಸ್ತ್ರದಲ್ಲಿದೆ. ಡಫ್ ಅದು ಸುಳ್ಳು ಅನ್ನಲಿಲ್ಲ. ನಿಮ್ಮ ಮನೆಯಲ್ಲಿ ಅನ್ನ ಬೇಯುವುದನ್ನು ನೋಡಿದ್ದೀರಾ ಅಂತ ಕೇಳಿದ. ನೋಡಿದ್ದೇವೆ. ನೀರು ಕುದಿದಾಗ ಏನು ಮೇಲೆ ಬರುತ್ತೆ? ಹಬೆ. ಮೇಲೆ ಮುಚ್ಚಳ ಹಿಡಿದರೆ? ಒದ್ದೆಯಾಗುತ್ತೆ. ಆಮೇಲೆ? ಹನಿ ಕೂಡಿ ಕೆಳಗೆ ಬೀಳುತ್ತೆ. ಹೀಗೇ ಒಂದೊಂದೇ ಮೆಟ್ಟಿಲು ಹತ್ತಿಸಿ ಮೋಡದವರೆಗೆ ಕರೆದುಕೊಂಡು ಹೋದ. ಸ್ವಲ್ಪ ಹೊತ್ತು ಯೋಚಿಸಿದ ಒಬ್ಬ ಹುಡುಗ ತಟ್ಟನೆ ಬೆಚ್ಚಿಬಿದ್ದವನ ಹಾಗೆ ಕೇಳಿದ: ನೀವು ಹೇಳಿದ್ದು ನಿಜವಾದರೆ ನಮ್ಮ ಶಾಸ್ತ್ರದ ಗತಿಯೇನು?

ನಮ್ಮಜ್ಜಿ ತೀರ್ಥಹಳ್ಳಿ ಕಡೆಯವರು. ಆಷಾಢದ ಮಳೆಗೆ ಹಂಚಿನ ಮೇಲೆ ದಬದಬ ಸದ್ದು ಶುರುವಾದರೆ "ಐರಾವತ ಸೊಂಡಿಲೆತ್ತಿತು" ಅನ್ನುತ್ತಿದ್ದರು. ನಾನು ಹೈಸ್ಕೂಲಿಗೆ ಹೋಗಿ ಮೋಡ, ಆವಿ ಎಲ್ಲ ಕಲಿತು ಬಂದು ಅಜ್ಜಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಸರಿ ಮತ್ತೆ, ಆನೆಗೂ ನೀರು ಎಲ್ಲಿಂದಲೋ ಬರಬೇಕಲ್ಲ" ಅಂದರು. ಅವರ ಶಾಸ್ತ್ರಕ್ಕೆ ಏನೂ ಆಗಲಿಲ್ಲ. ಡಫ್ ಕಂಡಿರದ ಹಿಂದೂ ಅಂದರೆ ನಮ್ಮಜ್ಜಿ. ಪುರಾಣವನ್ನು ಪುರಾಣದ ಗೂಡಲ್ಲಿಟ್ಟು, ಭೂಗೋಳವನ್ನು ಭೂಗೋಳದ ಗೂಡಲ್ಲಿಟ್ಟು, ಎರಡರ ಮಧ್ಯೆ ಆರಾಮಾಗಿ ಓಡಾಡಿಕೊಂಡಿದ್ದವರು.

ಡಫ್‌ಗೆ ಆ ಹುಡುಗನ ಪ್ರಶ್ನೆಯಲ್ಲಿ ದಾರಿ ಕಂಡಿತು. ಒಂದು ಅನ್ನದ ಗಡಿಗೆ ಇಷ್ಟು ಕೆಲಸ ಮಾಡಿದರೆ ಖಗೋಳ, ಭೂಗೋಳ, ರಸಾಯನಶಾಸ್ತ್ರ ಎಲ್ಲ ಸೇರಿ ಎಷ್ಟು ಮಾಡಬಹುದು! ಬೇರೆ ಮಿಷನರಿಗಳು ಒಬ್ಬೊಬ್ಬರನ್ನೇ ಸೆಳೆಯಲಿ, ನಾವು ಕೋಟೆಯ ಬುಡಕ್ಕೆ ಮದ್ದು ತುಂಬಿ ಬತ್ತಿ ಇಡುತ್ತೇವೆ, ಒಂದು ದಿನ ಇಡೀ ಕಟ್ಟಡ ತಳದಿಂದ ಸಿಡಿಯುತ್ತದೆ ಎಂಬರ್ಥದ ಮಾತನ್ನು ಅವನೇ ಹೇಳಿದ್ದಾನೆ. ಮದ್ದು ಅಂದರೆ ಇಂಗ್ಲಿಷ್ ವಿದ್ಯೆ. ಇಲ್ಲಿಗೆ ಬಂದಾಗ ನನ್ನ ಸಲಿಗೆ ಹೋಗಿ ಸಿಟ್ಟು ಬರುತ್ತದೆ. ಎದುರಿಗೆ ಕೂತ ಮಗುವಿಗೆ ಮಳೆಯ ಬಗ್ಗೆ ಅಷ್ಟು ಚೆಂದ ಹೇಳಿಕೊಟ್ಟವನು, ಮನಸ್ಸಿನಲ್ಲಿ ಆ ಮಗುವಿನ ಮನೆಯ ಅಡಿಪಾಯ ಅಗೆಯುತ್ತಿದ್ದನಲ್ಲ. ಅವನು ಮುಚ್ಚಿಡಲಿಲ್ಲ, ನಿಜ. ಎಲ್ಲರಿಗೂ ಕೇಳುವ ಹಾಗೇ ಹೇಳಿದ. ಆದರೂ.

ಇದೇ ಕಾಲಕ್ಕೆ ನಮ್ಮ ಕಡೆ, 1834ರಲ್ಲಿ, ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ಅವರ ಗುರಿಯೂ ಮತಾಂತರವೇ. ದಾರಿ ಬೇರೆ. ಅವರು ಕನ್ನಡ, ತುಳು ಕಲಿತರು. 1843ರಲ್ಲಿ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಅಚ್ಚು ಹಾಕಿದರು. ಅರ್ಧ ಶತಮಾನದ ಮೇಲೆ, 1894ರಲ್ಲಿ, ಕಿಟೆಲ್ ನಿಘಂಟು ಬಂತು. ಡಫ್ ಬಂಗಾಳಿ ಕಲಿಯಲಿಲ್ಲ ಅಂತಲ್ಲ, ಕಲಿತ. ಆದರೆ ಅವನ ನಂಬಿಕೆ ಇದ್ದದ್ದು ಇಂಗ್ಲಿಷಿನ ಮೇಲೆ. ಬಂಗಾಳಿಗಳು ಡಫ್‌ನನ್ನು ನೆನೆಯುವುದಕ್ಕೂ ನಾವು ಕಿಟೆಲ್‌ರನ್ನು ನೆನೆಯುವುದಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ ಅನ್ನಿಸುತ್ತದೆ.

ಮದ್ದು ಸಿಡಿಯಿತಾ? ಮೊದಮೊದಲು ಸಿಡಿದ ಹಾಗೆ ಕಾಣಿಸಿತು. ಹಿಂದೂ ಕಾಲೇಜಿನಲ್ಲಿ ಡೆರೋಜಿಯೋ ಅನ್ನೋ ಹುಡುಗ ಮೇಷ್ಟ್ರು ಆಗಲೇ ಬೆಂಕಿ ಹಚ್ಚಿದ್ದ. ಅವನ ಶಿಷ್ಯರಿಗೆ ದೇವರೂ ಬೇಡ, ಜಾತಿಯೂ ಬೇಡ. 1831ರಲ್ಲಿ ಕೃಷ್ಣಮೋಹನ ಬ್ಯಾನರ್ಜಿಯ ಮನೆಯಲ್ಲಿ ಗೆಳೆಯರು ಸೇರಿ ದನದ ಮಾಂಸ ತಿಂದು ಪಕ್ಕದ ಬ್ರಾಹ್ಮಣರ ಮನೆಗೆ ಎಸೆದರು. ಆಗ ಕೃಷ್ಣಮೋಹನ ಮನೆಯಲ್ಲಿ ಇರಲೇ ಇಲ್ಲ. ಆದರೂ ಮನೆಯಿಂದ ಹೊರಗೆ ಹಾಕಿದರು. ಮರುವರ್ಷ ಡಫ್ ಅವನಿಗೆ ದೀಕ್ಷಾಸ್ನಾನ ಮಾಡಿಸಿದ. ಲಾಲ್ ಬಿಹಾರಿ ಡೇ ಇನ್ನೊಬ್ಬ, ಬರ್ದ್ವಾನ್ ಕಡೆಯ ಹಳ್ಳಿಯ ಹುಡುಗ. ಮುಂದೆ ಬಂಗಾಳದ ಜನಪದ ಕಥೆಗಳನ್ನು ಇಂಗ್ಲಿಷಿನಲ್ಲಿ ಬರೆದು ಹೆಸರಾದವನು. ಶಾಸ್ತ್ರದ ಗತಿಯೇನು ಅಂತ ಕೇಳಿಸುವ ಶಾಲೆಯಲ್ಲಿ ಕಲಿತವನು ಅಜ್ಜಿ ಕಥೆಗಳನ್ನು ಹುಡುಕಿಕೊಂಡು ಹೋದದ್ದು ನೋಡಿ.

ಆದರೆ ಶಾಲೆಗೆ ಬಂದದ್ದು ಸಾವಿರಾರು ಮಕ್ಕಳು, ಕ್ರೈಸ್ತರಾದದ್ದು ಬೆರಳೆಣಿಕೆಯವರು. ಹಾಗೆ ಆದಾಗಲೆಲ್ಲ ಊರು ಕುದಿಯಿತು. ಮಕ್ಕಳನ್ನು ಶಾಲೆ ಬಿಡಿಸಿದರು, ಸ್ವಲ್ಪ ದಿನಕ್ಕೆ ಮತ್ತೆ ಕಳಿಸಿದರು. ಇಂಗ್ಲಿಷ್ ಬೇಕಲ್ಲ! 1845ರಲ್ಲಿ ಉಮೇಶಚಂದ್ರ ಅನ್ನುವ ಹುಡುಗ ತನ್ನ ಎಳೆಯ ಹೆಂಡತಿಯ ಜೊತೆ ಡಫ್‌ನ ಮನೆ ಸೇರಿ ಕ್ರೈಸ್ತನಾದಾಗ ಬ್ರಹ್ಮಸಮಾಜದ ಮುಂದಾಳು ದೇವೇಂದ್ರನಾಥ ಠಾಕೂರರು ಕೆರಳಿಹೋದರು. ಗಾಡಿ ಕಟ್ಟಿಸಿಕೊಂಡು ಊರಿನ ದೊಡ್ಡವರ ಮನೆಮನೆಗೆ ಹೋದರು. ಪರಸ್ಪರ ಮುಖ ನೋಡದ ಬ್ರಹ್ಮಸಮಾಜದವರೂ ಸನಾತನಿಗಳೂ ಒಂದೇ ಸಭೆಯಲ್ಲಿ ಕೂತರು. ದುಡ್ಡು ಕೂಡಿಸಿ ಹಿಂದೂ ಮಕ್ಕಳಿಗೆ ಪುಕ್ಕಟೆ ಶಾಲೆ ತೆರೆದರು. ಅವರನ್ನು ಒಂದು ಮಾಡಿದ ಪುಣ್ಯ ಡಫ್‌ಗೇ ಸೇರಬೇಕು.

ಇದರ ನಡುವೆ ಅವನಿಗೆ ಇನ್ನೊಂದು ಹಡಗು ಒಡೆಯಿತು ಅನ್ನಿ. ಹಳ್ಳಿಯ ಚರ್ಚಿಗೆ ಯಾರು ಪಾದ್ರಿಯಾಗಬೇಕು ಅಂತ ಜಮೀನ್ದಾರ ಹೇಳಬೇಕೋ, ಜನ ಹೇಳಬೇಕೋ? ಈ ಜಗಳದಲ್ಲಿ 1843ರ ಮೇ ತಿಂಗಳು 400ಕ್ಕೂ ಹೆಚ್ಚು ಪಾದ್ರಿಗಳು ಚರ್ಚ್ ಆಫ್ ಸ್ಕಾಟ್ಲೆಂಡ್ ಬಿಟ್ಟು ಹೊರನಡೆದು ಫ್ರೀ ಚರ್ಚ್ ಕಟ್ಟಿದರು. ಮುಂದೆ ನಿಂತವರು ಡಫ್‌ನ ಹಳೇ ಮೇಷ್ಟ್ರು ಚಾಮರ್ಸ್. ಡಫ್ ಸುಮ್ಮನೆ ಹಳೇ ಚರ್ಚಿನಲ್ಲೇ ಇದ್ದುಬಿಟ್ಟಿದ್ದರೆ ಅವನ ಕಟ್ಟಡ, ಪುಸ್ತಕ, ಪ್ರಯೋಗದ ಉಪಕರಣ ಎಲ್ಲ ಅವನ ಕೈಯಲ್ಲೇ ಇರುತ್ತಿತ್ತು. ಅವನು ಹೊರಬಂದ. ಭಾರತದಲ್ಲಿದ್ದ ಆ ಚರ್ಚಿನ ಉಳಿದ ಮಿಷನರಿಗಳೂ ಹೊರಬಂದರು. 37ನೇ ವಯಸ್ಸಿಗೆ ಮತ್ತೆ ಬರಿಗೈ. ನೀಮ್‌ತಲಾ ಬೀದಿಯಲ್ಲಿ ಮತ್ತೆ ಶಾಲೆ. ಈ ಹೊತ್ತಿನ ಡಫ್‌ನನ್ನು ಮಾತ್ರ ನಾನು ಏಕವಚನದಲ್ಲಿ ಬರೆಯಲು ಸ್ವಲ್ಪ ಹಿಂಜರಿಯುತ್ತೇನೆ. ಅಲ್ಲಿ ಕಟ್ಟಿದ ದೊಡ್ಡ ಕಂಬಗಳ ಕಾಲೇಜು ಕಟ್ಟಡ ಮುಂದೆ ಜೋಡಾಬಗಾನ್ ಪೊಲೀಸ್ ಠಾಣೆಯಾಯಿತು. ಹೀಗೆ ಒಡೆದ ಎರಡು ಕಾಲೇಜುಗಳು, ಹಳೇ ಚರ್ಚಿನದೂ ಡಫ್‌ನದೂ, 1908ರಲ್ಲಿ ಒಂದಾದವು. ನಾನು ಮಳೆಗೆ ನಿಂತದ್ದು ಹಾಗೆ ಒಂದಾದ ಕಾಲೇಜಿನ ಹತ್ತಿರ.

ಉಳಿದದ್ದು ಬೇಗ ಹೇಳುತ್ತೇನೆ. ಲಂಡನ್ನಿನ ಪಾರ್ಲಿಮೆಂಟ್ ಸಮಿತಿಯ ಮುಂದೆ ಸಾಕ್ಷ್ಯ ಹೇಳಿದ. 1854ರ ಶಿಕ್ಷಣ ಆದೇಶದಲ್ಲಿ ಅವನ ಮಾತಿನ ನೆರಳಿದೆ. ಖಾಸಗಿ ಶಾಲೆಗಳಿಗೆ ಸರ್ಕಾರಿ ಅನುದಾನ ಅನ್ನುವುದು ಅಲ್ಲಿಂದಲೇ ಬಂತು. 1857ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯ ಶುರುವಾದಾಗ ಕಟ್ಟಿದವರಲ್ಲಿ ಒಬ್ಬ. 1863ರಲ್ಲಿ ಆರೋಗ್ಯ ಕೈಕೊಟ್ಟು ಹೊರಟ, ಮತ್ತೆ ಬರಲಿಲ್ಲ. 1878ರಲ್ಲಿ ಇಂಗ್ಲೆಂಡಿನ ಸಿಡ್‌ಮತ್‌ನಲ್ಲಿ ತೀರಿಕೊಂಡ.

ಡಫ್‌ನ ಮಾದರಿ ನೋಡಿ ಮದ್ರಾಸಿನಲ್ಲಿ ಜಾನ್ ಆಂಡರ್ಸನ್ 1837ರಲ್ಲಿ ಒಂದು ಶಾಲೆ ತೆರೆದಿದ್ದರು. ಅದೇ ಬೆಳೆದು ಮದ್ರಾಸ್ ಕ್ರಿಶ್ಚಿಯನ್ ಕಾಲೇಜಾಯಿತು. ಅಲ್ಲಿ ಓದಿದ ಒಬ್ಬ ಹುಡುಗನಿಗೆ ಹಿಂದೂ ಧರ್ಮದ ಮೇಲೆ ಮೇಷ್ಟ್ರುಗಳು ಮಾಡುತ್ತಿದ್ದ ಟೀಕೆ ಚುಚ್ಚಿತು. ಹೌದೇನು, ನಮ್ಮದರಲ್ಲಿ ಅಷ್ಟೂ ಹುರುಳಿಲ್ಲವಾ ಅಂತ ವೇದಾಂತ ಓದಲು ಕೂತ. ಅವರೇ ಎಸ್. ರಾಧಾಕೃಷ್ಣನ್. 1918ರಲ್ಲಿ ಮೈಸೂರಿಗೆ ಪ್ರೊಫೆಸರಾಗಿ ಬಂದರು. 1921ರಲ್ಲಿ ಹೊರಟಾಗ ಮೈಸೂರಿನ ಹುಡುಗರು ಕುದುರೆ ಬಿಚ್ಚಿ, ಗಾಡಿಯನ್ನು ತಾವೇ ಎಳೆದುಕೊಂಡು ಸ್ಟೇಷನ್ನಿಗೆ ಬಿಟ್ಟು ಬಂದರು. ಹೊರಟದ್ದು ಎಲ್ಲಿಗೆ? ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ. ಡಫ್ ಇಟ್ಟ ಬತ್ತಿ ಯಾವ ಕಡೆಗೆ ಸಿಡಿಯಿತು ಅಂತ ನೋಡಿದರೆ, ಹಜಾರದಲ್ಲಿ ನಿಂತಿದ್ದ ರಾಯ್ ಅವರ ಲೆಕ್ಕವೇ ನೆನಪಾಗುತ್ತದೆ.

ಹೋದ ವಾರ ಮಗಳಿಗೆ ಪರೀಕ್ಷೆ. ನಾಲ್ಕನೇ ಕ್ಲಾಸು. ಅಡುಗೆಮನೆ ಬಾಗಿಲಲ್ಲಿ ಕೂತು ಪುಸ್ತಕ ಮುಚ್ಚಿ ತೆರೆದು, "ಇವ್ಯಾಪರೇಷನ್, ಕಂಡೆನ್ಸೇಷನ್, ಪ್ರೆಸಿಪಿಟೇಷನ್" ಅಂತ ಮಗ್ಗಿ ಹೇಳುವ ಹಾಗೆ ಒದರುತ್ತಿದ್ದಳು. ಹೊರಗೆ ಮಳೆ. ಅಮ್ಮ ಕೇಳಿದರು, "ಅದೇನೇ ಪುಟ್ಟಿ ಅದು, ಮಂತ್ರ?"

"ವಾಟರ್ ಸೈಕಲ್ ಅಜ್ಜಿ. ಟೀಚರ್ ಬರೆಸಿದಾರೆ."

"ಹಂಗಂದ್ರೆ?"

ಮಗಳು ಮತ್ತೆ ಅದೇ ಮೂರು ಪದ ಹೇಳಿದಳು, ಇನ್ನೂ ಸ್ವಲ್ಪ ಜೋರಾಗಿ. ಅಮ್ಮ ಒಲೆಯ ಮೇಲಿದ್ದ ಅನ್ನದ ಪಾತ್ರೆಯ ತಟ್ಟೆಯನ್ನು ಸೆರಗಿನಲ್ಲಿ ಹಿಡಿದು ಎತ್ತಿ, ಓರೆ ಮಾಡಿದರು. ಅಂಚಿನಿಂದ ಹನಿ ತೊಟ್ಟಿಕ್ಕಿತು.

"ಇದಾ?" ಅಂದರು.

ಮಗಳು ಪುಸ್ತಕ ನೋಡಿದಳು, ತಟ್ಟೆ ನೋಡಿದಳು. "ಇದು ಪುಸ್ತಕದಲ್ಲಿಲ್ಲ ಅಜ್ಜಿ" ಅಂದಳು.